ಮುಸಾಫಿರಖಾನೆಯ ಊರಲ್ಲಿ ಬಾಡಿಗೆ ಮನೆಯಿಲ್ಲ

ಸಂತೇಬೆನ್ನೂರಿನ ಹೊಂಡ ನೋಡಲು ಬಂದವರು ವಸಂತಮಂಟಪದ ಎದುರು ಫೋಟೋ ತೆಗೆಸಿಕೊಂಡು ಹೊರಟುಬಿಡುತ್ತಾರೆ. ಪಕ್ಕದ ಮುಸಾಫಿರಖಾನೆಯ ಕಡೆ ಯಾರ ಗಮನವೂ ಹೋಗುವುದಿಲ್ಲ. ಪರಊರಿನವರು ತಂಗಲೆಂದು ಕಲ್ಲಿನಲ್ಲಿ ಕಟ್ಟಿದ ಜಾಗ ಅದು. ಇಂಥ ಊರಿಗೆ ವರ್ಗವಾಗಿ ಬಂದ ಮೇಷ್ಟ್ರಿಗೆ, ನರ್ಸಿಗೆ ಇವತ್ತು ಒಂದು ಒಳ್ಳೆಯ ಬಾಡಿಗೆ ಮನೆ ಸಿಗುವುದಿಲ್ಲ.

ಹೋದ ವರ್ಷ ಒಂದು ರಾತ್ರಿ ಹನ್ನೊಂದಕ್ಕೆ ಅವ್ವನಿಗೆ ಉಸಿರು ಕಟ್ಟಿತು. ಕರೆದೊಯ್ದ ಆಸ್ಪತ್ರೆಯಲ್ಲಿ ಕಾವಲುಗಾರನೊಬ್ಬನೇ ಇದ್ದ. "ಸಿಸ್ಟರ್ ಸಂಜೆ ಬಸ್ಸಿಗೆ ದಾವಣಗೆರೆಗೆ ಹೋದ್ರು ಸಾರ್. ಅವ್ರಾದ್ರೂ ಇಲ್ಲಿ ಎಲ್ಲಿರ್ತಾರೆ?" ಅಂದ. ಅವ್ವ ಹೇಗೋ ಉಳಿದಳು. ಆ ಆಸ್ಪತ್ರೆಯಿಂದ ಕೂಗಳತೆ ದೂರದಲ್ಲೇ ಒಂದು ಸರ್ಕಾರಿ ಕಚೇರಿ ವರ್ಷಗಳಿಂದ ಬೀಗ ಹಾಕಿಕೊಂಡು ನಿಂತಿದೆ.

ಇಂಥವು ಎಲ್ಲ ಕಡೆ ಇವೆ. ಇಲಾಖೆಗಳು ಹೊಸ ಸೌಧಕ್ಕೆ ಹೋದವು, ಹಳೆಯದು ಉಳಿಯಿತು. ಬಿಎಸ್‌ಎನ್‌ಎಲ್‌ನಲ್ಲಿ 2020ರ ಜನವರಿ ಕೊನೆಗೆ 78 ಸಾವಿರಕ್ಕೂ ಹೆಚ್ಚು ನೌಕರರು ಸ್ವಯಂ ನಿವೃತ್ತಿ ಪಡೆದರು. ದೊಡ್ಡ ಹಾಲ್ ಬೇಡುತ್ತಿದ್ದ ಎಕ್ಸ್‌ಚೇಂಜಿನ ಯಂತ್ರ ಈಗ ಒಂದು ಬೀರುವಿನಷ್ಟು ಜಾಗದಲ್ಲಿ ಕೂರುತ್ತದೆ.

ಕಚೇರಿಯನ್ನು ಮನೆ ಮಾಡುವುದು ಲಾಭದ ಕೆಲಸವೆಂದು ನಾನು ಹೇಳುವುದಿಲ್ಲ. ಕೆನಡಾದ ಕ್ಯಾಲ್ಗರಿ ನಗರ 2021ರಲ್ಲಿ ಖಾಲಿ ಕಚೇರಿಗಳನ್ನು ಮನೆ ಮಾಡುವವರಿಗೆ ಚದರಡಿಗೆ 75 ಡಾಲರ್ ಕೈಯಿಂದ ಕೊಡಲು ಶುರುಮಾಡಿದ್ದು ಸುಮ್ಮನೆ ಅಲ್ಲ. ಗಾಜಿನ ಗೋಪುರದಲ್ಲಿ ಕಿಟಕಿ ಒಂದು ಅಂಚಿಗೆ, ಶೌಚಾಲಯಗಳೆಲ್ಲ ನಡುವಿಗೆ. ಮನೆಮನೆಗೂ ಬೆಳಕು, ಬಚ್ಚಲು ಕೊಡುವಷ್ಟರಲ್ಲಿ ಬಿಲ್ಡರ್ ಸುಸ್ತು. ನಮ್ಮ ಹಳೇ ಕಚೇರಿಗೆ ಆ ರೋಗವಿಲ್ಲ. ಎರಡೂ ಕಡೆ ಕಿಟಕಿ, ಮುಂದೆ ಜಗಲಿ, ಹಿಂದೆ ಹಿತ್ತಲು. (ಬೆಂಗಳೂರಿನ ಮಾತೇ ಬೇಡ, ಅಲ್ಲಿ ಜಯನಗರ, ಇಂದಿರಾನಗರದ ಮನೆಗಳೇ ಕಚೇರಿಗಳಾಗುತ್ತಿವೆ.)

ಪರಿಚಯದ ಮೇಸ್ತ್ರಿಯನ್ನು ಕರೆದುಕೊಂಡು ಹೋಗಿ ಕಿಟಕಿಯಿಂದ ಇಣುಕಿಸಿದೆ. ಮೂರು ಮನೆ ಆಗುತ್ತವೆ, ಬಚ್ಚಲು, ಅಡುಗೆಕೋಣೆ, ಶೌಚದ ಗುಂಡಿ, ಹೆಂಚು ಎಲ್ಲ ಸೇರಿ ಹನ್ನೆರಡು ಲಕ್ಷ ಅಂದ. ಮನೆಗೆ ನಾಲ್ಕು ಲಕ್ಷ. ಹೊಸ ನೌಕರನ ಮೂಲವೇತನ 27,000 ಎಂದಿಟ್ಟುಕೊಳ್ಳಿ. ಸಣ್ಣ ಊರಿಗೆ ಮನೆ ಬಾಡಿಗೆ ಭತ್ಯೆ ಶೇ. 7.5, ಅಂದರೆ ತಿಂಗಳಿಗೆ 2,025 ರೂಪಾಯಿ. ಕ್ವಾರ್ಟರ್ಸ್ ಕೊಟ್ಟರೆ ಸರ್ಕಾರಕ್ಕೆ ಉಳಿಯುವುದು ವರ್ಷಕ್ಕೆ 24,300. ಅಸಲು ತೀರಲು ಹದಿನಾರೂವರೆ ವರ್ಷ. ಶೇ. 8ರ ಬಡ್ಡಿ ಹಾಕಿದರೆ ಬಡ್ಡಿಯೇ 32,000, ಅಸಲು ಎಂದೂ ತೀರುವುದಿಲ್ಲ. ಸಾಹುಕಾರನಾದರೆ ಇಲ್ಲಿಗೇ ಪುಸ್ತಕ ಮುಚ್ಚುತ್ತಾನೆ.

ಸರ್ಕಾರವೂ ಹಾಗೇ ಮುಚ್ಚುವುದು ನನ್ನ ತಕರಾರು. ಹೊಸ ಕ್ವಾರ್ಟರ್ಸ್ ಕಟ್ಟಿದರೂ ಭತ್ಯೆಯಲ್ಲಿ ಉಳಿಯುವುದು ಅಷ್ಟೇ, ಆದರೆ ಪಾಯ, ಗೋಡೆ, ಚಾವಣಿಯ ಖರ್ಚು ಮತ್ತೆ ಮೇಲೆ ಬೀಳುತ್ತದೆ. ಆಗ ಯಾರೂ ಬಡ್ಡಿ ಲೆಕ್ಕ ಕೇಳುವುದಿಲ್ಲ, ಟೆಂಡರ್ ದೊಡ್ಡದಿರುತ್ತದಲ್ಲ! ಇನ್ನು ಕೆಲವರು ಕೆಡವಿ ಮಳಿಗೆ ಕಟ್ಟಿ ಅನ್ನುತ್ತಾರೆ. ಮಳಿಗೆಯಿಂದ ಬಾಡಿಗೆ ಬಂದೀತು, ರಾತ್ರಿ ಹನ್ನೊಂದಕ್ಕೆ ಸಿಸ್ಟರ್ ಬರುವುದಿಲ್ಲ. ಆಕೆ ದಿನಾ ಬಸ್ಸಿನಲ್ಲಿ ಕಳೆಯುವ ಮೂರು ತಾಸು, ನಾವು ಜೀವ ಕೈಯಲ್ಲಿ ಹಿಡಿದು ಓಡುವ ಕಾರಿನ ಬಾಡಿಗೆ, ಇವು ಯಾವ ಖಾತೆಗೂ ಏರುವುದಿಲ್ಲ.

ಅರ್ಜಿ ಕೊಟ್ಟೆ. ಕಟ್ಟಡ ಒಂದು ಇಲಾಖೆಯದು, ನರ್ಸ್ ಇನ್ನೊಂದು ಇಲಾಖೆಯವರು, ಹಸ್ತಾಂತರಕ್ಕೆ ಮೇಲಿನಿಂದ ಆದೇಶ ಬೇಕು ಎಂದರು. ಈ ಮಳೆಗಾಲದಲ್ಲಿ ಹಿಂದಿನ ಕೋಣೆಯ ಹೆಂಚು ಕುಸಿದಿದೆ. ಮೇಸ್ತ್ರಿ ಈಗ ಹದಿನಾಲ್ಕು ಲಕ್ಷ ಅನ್ನುತ್ತಿದ್ದಾನೆ.