ಬಾಯೊಳಗಿನ ಪಾದರಸ

ಹುಳುಕು ಹಲ್ಲಿಗೆ ದಂತವೈದ್ಯರು ತುಂಬುವ ಬೂದುಬಣ್ಣದ ವಸ್ತುವಿಗೆ ‘ಬೆಳ್ಳಿ ಸಿಮೆಂಟು’ ಎನ್ನುವುದು ವಾಡಿಕೆ. ಹೆಸರು ಬೆಳ್ಳಿಯದಾದರೂ ತೂಕದಲ್ಲಿ ಸುಮಾರು ಅರ್ಧ ಪಾಲು ಪಾದರಸವೇ! ಬೆಳ್ಳಿ, ತವರ, ತಾಮ್ರಗಳ ಪುಡಿಗೆ ಪಾದರಸ ಬೆರೆಸಿದರೆ ಮೊದಲು ಕಣಕದಂತೆ ಮೆತ್ತಗಿದ್ದು ಬಳಿಕ ಕಲ್ಲಿನಂತೆ ಗಟ್ಟಿಯಾಗುತ್ತದೆ. ಇದೇ ಅಮಾಲ್ಗಂ. ಅಗ್ಗ, ಬಾಳಿಕೆಯೂ ಹೆಚ್ಚು.

ಪಾದರಸವೆಂದರೆ ಗರ್ಭಿಣಿಯರ ಮನೆಯವರು ಬೆಚ್ಚುವುದಕ್ಕೆ ಕಾರಣವಿದೆ. ಜಪಾನಿನ ಮಿನಮಾಟದಲ್ಲಿ ಚಿಸ್ಸೊ ಕಾರ್ಖಾನೆ ಸಮುದ್ರಕ್ಕೆ ಬಿಟ್ಟ ಕೊಳಚೆಯಲ್ಲಿ ಮಿಥೈಲ್ ಪಾದರಸವಿತ್ತು. ಅದು ಮೀನಿಗೆ ಸೇರಿತು, ಮೀನು ತಿಂದವರಿಗೂ ಸೇರಿತು. 1956ರಲ್ಲಿ ರೋಗ ಬೆಳಕಿಗೆ ಬಂತು. ಅಷ್ಟೇನೂ ಬಾಧೆ ಕಾಣದಿದ್ದ ತಾಯಂದಿರು ಹೆತ್ತ ಮಕ್ಕಳ ಮಿದುಳಿಗೂ ಪೆಟ್ಟು ಬಿದ್ದಿತ್ತು.

ಆದರೆ ಮೀನಿನಲ್ಲಿನ ಮಿಥೈಲ್ ಪಾದರಸವೇ ಬೇರೆ, ಹಲ್ಲಿನಲ್ಲಿರುವುದೇ ಬೇರೆ. ಇವೆರಡನ್ನು ಕಲಸಿ ಹೆದರಿಸುವವರು ಬಹಳ. ಅಮಾಲ್ಗಂನ ಚೂರನ್ನು ನುಂಗಿದರೆ ಅದರ ಬಹುಪಾಲು ಮಲದೊಡನೆ ಹೊರಬೀಳುತ್ತದೆ. ಗಮನಿಸಬೇಕಾದದ್ದು ಆವಿಯನ್ನು. ಅಗಿಯುವಾಗ, ನಿದ್ದೆಯಲ್ಲಿ ಹಲ್ಲು ಕಡಿಯುವಾಗ ಅತ್ಯಲ್ಪ ಆವಿ ಏಳುತ್ತದೆ. ಅದು ಶ್ವಾಸಕೋಶದಿಂದ ರಕ್ತಕ್ಕಿಳಿದು, ಮಾಸನ್ನೂ ದಾಟಬಲ್ಲದು.

ಇದರಿಂದ ಮಕ್ಕಳ ಬುದ್ಧಿ ಮಂಕಾಗುವುದೆ? ಅಮೆರಿಕ ಮತ್ತು ಪೋರ್ಚುಗಲ್‌ನಲ್ಲಿ ಆರರಿಂದ ಹತ್ತು ವರ್ಷದ ಸಾವಿರಕ್ಕೂ ಹೆಚ್ಚು ಮಕ್ಕಳಲ್ಲಿ ಕೆಲವರಿಗೆ ಅಮಾಲ್ಗಂ, ಉಳಿದವರಿಗೆ ಬೇರೆ ವಸ್ತು ತುಂಬಿ ವರ್ಷಗಟ್ಟಲೆ ಪರೀಕ್ಷಿಸಿದರು. 2006ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಬುದ್ಧಿಶಕ್ತಿ, ನೆನಪುಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ನೆಮ್ಮದಿಯ ಮಾತೇ ಸರಿ. ಆದರೆ ಪರೀಕ್ಷೆಗೊಳಗಾದವರು ಶಾಲಾ ಮಕ್ಕಳು, ಹೊಟ್ಟೆಯೊಳಗಿನ ಕೂಸಲ್ಲ. ಆ ಕೂಸಿನ ಮಿದುಳು ಇನ್ನೂ ರೂಪುಗೊಳ್ಳುತ್ತಿರುತ್ತದೆ.

ಆದುದರಿಂದ ಐರೋಪ್ಯ ಒಕ್ಕೂಟ 2018ರ ಜುಲೈನಿಂದ ಗರ್ಭಿಣಿಯರಿಗೆ, ಹಾಲೂಡಿಸುವ ತಾಯಂದಿರಿಗೆ, ಹದಿನೈದು ತುಂಬದ ಮಕ್ಕಳಿಗೆ ತೀರಾ ಅನಿವಾರ್ಯವಲ್ಲದೆ ಅಮಾಲ್ಗಂ ತುಂಬಬಾರದೆಂದು ವಿಧಿಸಿತು. 2025ರಿಂದ ಈ ನಿರ್ಬಂಧವನ್ನು ಎಲ್ಲರಿಗೂ ವಿಸ್ತರಿಸಿತು. ಭಾರತವೂ ಸೇರಿರುವ ಮಿನಮಾಟ ಒಪ್ಪಂದದ ರಾಷ್ಟ್ರಗಳು 2034ರೊಳಗೆ ಇದರ ಬಳಕೆಯನ್ನು ಕೊನೆಗಾಣಿಸಲು 2025ರ ನವೆಂಬರ್‌ನಲ್ಲಿ ತೀರ್ಮಾನಿಸಿದವು.

ಹಾಗೆಂದು ಬಸುರಿ ಹೆಂಗಸು ಹಳೆಯ ಸಿಮೆಂಟನ್ನು ಕೀಳಿಸಲು ಓಡಬಾರದು. ಕೊರೆದು ತೆಗೆಯುವಾಗಲೇ ಆವಿ ಹೆಚ್ಚು ಏಳುವುದು! ಗಟ್ಟಿಯಾಗಿ ಕೂತಿದ್ದರೆ ಅದು ಅಲ್ಲೇ ಇರಲಿ. ಹೊಸ ಹುಳುಕಿದ್ದರೆ ಹಲ್ಲಿನ ಬಣ್ಣದ ರೆಸಿನ್ ಅಥವಾ ಗ್ಲಾಸ್ ಅಯೊನೊಮರ್ ತುಂಬಿಸಬಹುದು. ‘ಹೆರಿಗೆಯಾಗಲಿ, ಆಮೇಲೆ ನೋಡೋಣ’ ಎಂದು ಮನೆಯ ಹಿರಿಯರು ಮುಂದೂಡುವುದುಂಟು. ಅಷ್ಟರಲ್ಲಿ ಹಲ್ಲಿನ ಬುಡದಲ್ಲಿ ಕೀವು ತುಂಬಬಹುದು. ಕುರ್ಚಿಯಲ್ಲಿ ಕೂರುವ ಮೊದಲೇ ‘ಇಷ್ಟು ತಿಂಗಳಾಗಿದೆ’ ಎಂದು ವೈದ್ಯರಿಗೆ ತಿಳಿಸಿದರಾಯಿತು.