ಇಬ್ಬರು ತರುಣರು, ಒಂದು ಪಾಠ

ಹಾರ್ದಿಕ್ ಸಿಂಗರು ಮೇಲೋ, ವಿವೇಕ್ ಸಾಗರ್ ಪ್ರಸಾದರು ಮೇಲೋ? ಹಾಕಿಪ್ರಿಯರು ಇಬ್ಬರು ಸೇರಿದಲ್ಲಿ ಈ ಚರ್ಚೆ ಏಳುವುದು ಸಹಜ. ಇಬ್ಬರೂ ಮಧ್ಯಪಂಕ್ತಿಯ ಆಟಗಾರರು. ಇಬ್ಬರೂ 2018ರಲ್ಲಿ ಭಾರತದ ಹಿರಿಯರ ತಂಡವನ್ನು ಸೇರಿದವರು. 2021ರಲ್ಲಿ ಟೋಕಿಯೋದಲ್ಲಿಯೂ 2024ರಲ್ಲಿ ಪ್ಯಾರಿಸಿನಲ್ಲಿಯೂ ಒಲಿಂಪಿಕ್ ಕಂಚನ್ನು ಗಳಿಸಿದವರು. ಆದರೆ ಇವರು ಬೆಳೆದುಬಂದ ದಾರಿಯನ್ನು ನೋಡಿದರೆ, ತೂಗಬೇಕಾದದ್ದು ಬೇರೊಂದಿದೆ ಎಂದು ನಮಗೆ ತೋರುತ್ತದೆ.

1998ರಲ್ಲಿ ಪಂಜಾಬಿನ ಜಾಲಂಧರದ ಸೀಮೆಯಲ್ಲಿ ಜನಿಸಿದ ಹಾರ್ದಿಕರಿಗೆ ಹಾಕಿಯು ಮನೆತನದ ಆಸ್ತಿ. ಅಜ್ಜ, ತಂದೆ ಆಡಿದವರು. ಪೆನಾಲ್ಟಿ ಕಾರ್ನರಿಗೆ ಹೆಸರಾಗಿದ್ದ ಜುಗರಾಜ್ ಸಿಂಗರು ಬಂಧು. ಬಿದ್ದರೆ ಎತ್ತುವವರು, ತಪ್ಪಿದರೆ ತಿದ್ದುವವರು ಮನೆಯಲ್ಲಿಯೇ ಇದ್ದರು.

2000ದಲ್ಲಿ ಮಧ್ಯಪ್ರದೇಶದ ಇಟಾರ್ಸಿಯ ಬಳಿ ಶಾಲಾ ಶಿಕ್ಷಕರ ಮಗನಾಗಿ ಹುಟ್ಟಿದ ವಿವೇಕರಿಗೆ ಅಂಥ ಬೆಂಬಲವಿರಲಿಲ್ಲ. ಅಕೋಲಾದ ಒಂದು ಪಂದ್ಯಾವಳಿಯಲ್ಲಿ ಆ ಹುಡುಗನ ಆಟವನ್ನು ಕಂಡು, ಭೋಪಾಲದ ಅಕಾಡೆಮಿಗೆ ಕರೆತಂದವರು ಧ್ಯಾನಚಂದರ ಪುತ್ರ ಅಶೋಕ ಕುಮಾರರು. 1975ರ ವಿಶ್ವಕಪ್ ಫೈನಲಿನಲ್ಲಿ ಗೆಲುವಿನ ಗೋಲು ಹೊಡೆದವರು ಇವರೇ. 2015ರಲ್ಲಿ ಹೆಗಲ ಮೂಳೆ ಮುರಿದರೂ ವಿವೇಕರು ಮತ್ತೆ ಎದ್ದು ನಿಂತರು. ಹದಿನೆಂಟು ತುಂಬುವ ಮೊದಲೇ ದೇಶದ ಪರವಾಗಿ ಆಡಿದರು.

ಫಲವೇನು? ವಿವೇಕರು ಅಂತರರಾಷ್ಟ್ರೀಯ ಹಾಕಿ ಸಂಸ್ಥೆಯ 2019ರ ಉದಯೋನ್ಮುಖ ಆಟಗಾರರಾದರು. ಹಾರ್ದಿಕರು ಅದೇ ಸಂಸ್ಥೆಯ 2023ರ ಶ್ರೇಷ್ಠ ಆಟಗಾರರಾದರು. ಚೆಂಡನ್ನು ತಾವೇ ಕೊಂಡೊಯ್ದು ಎದುರಾಳಿಯ ಪಂಕ್ತಿಯನ್ನು ಭೇದಿಸುವುದು ಹಾರ್ದಿಕರ ಬಲ. ಟೋಕಿಯೋ ಕ್ವಾರ್ಟರ್ ಫೈನಲಿನಲ್ಲಿ ಬ್ರಿಟನ್ನಿನ ವಿರುದ್ಧ ಕೊನೆಯ ಗಳಿಗೆಗಳಲ್ಲಿ ಅವರು ಹೊಡೆದ ಗೋಲೇ ಇದಕ್ಕೆ ಸಾಕ್ಷಿ. ಎದುರಾಳಿಯ ಪಾಸನ್ನು ನಡುವೆಯೇ ತಡೆದು, ಆಟದ ದಿಕ್ಕನ್ನು ಸದ್ದಿಲ್ಲದೆ ಬದಲಿಸುವುದು ವಿವೇಕರ ಜಾಣ್ಮೆ. ಇಂದಿನ ಸಾಧನೆಯಲ್ಲಿ ಹಾರ್ದಿಕರು ಒಂದು ಹೆಜ್ಜೆ ಮುಂದೆ ಎಂಬುದನ್ನು ಒಪ್ಪೋಣ. ಆದರೆ ನಡೆದ ದೂರವನ್ನು ಅಳೆಯುವುದಾದರೆ, ವಿವೇಕರು ಹೊರಟ ಸ್ಥಳವನ್ನೂ ಲೆಕ್ಕಕ್ಕೆ ಹಿಡಿಯಬೇಕಷ್ಟೆ.

ಅಕೋಲಾದಲ್ಲಿ ಆ ದಿನ ಅಶೋಕ ಕುಮಾರರು ಇರದಿದ್ದರೆ? ಈ ಪ್ರಶ್ನೆಯೇ ನಮ್ಮನ್ನು ಕಾಡುತ್ತದೆ. ಪ್ರತಿಭೆಗೆ ನಮ್ಮ ನಾಡಿನಲ್ಲಿ ಬರವಿಲ್ಲ. ಅದನ್ನು ಕಾಣುವ ಕಣ್ಣಿಗೆ ಬರವಿದೆ.

ಪರಊರಿಗೆ ಬಂದು ನೆಲೆಸಿದ ನಮಗೆ ಈ ಮಾತು ಹೊಸದಲ್ಲ. ಮುಂಬಯಿಯ ಹೋಟೆಲುಗಳಲ್ಲಿ ಹಗಲೆಲ್ಲ ಲೋಟ ತೊಳೆದ ಹುಡುಗರಿಗೆ ಹಿರಿಯರು ರಾತ್ರಿ ಶಾಲೆಗಳನ್ನು ತೆರೆದುದರಿಂದಲೇ ಎಷ್ಟೋ ಮಂದಿ ವಿದ್ಯಾವಂತರಾದರು. ಆ ಹಿರಿಯರು ಹುಡುಗನ ಕೈಯಲ್ಲಿದ್ದ ಲೋಟವನ್ನಷ್ಟೇ ನೋಡಲಿಲ್ಲ.

ಗೆದ್ದು ಬಂದವರಿಗೆ ಶಾಲು ಹೊದಿಸುವುದು ಸುಲಭ. ನಮ್ಮ ಸಂಘಗಳು ಇನ್ನೂ ಗೆಲ್ಲದ ಹುಡುಗ ಹುಡುಗಿಯರಿಗೆ ಒಂದು ಸ್ಟಿಕ್ಕು, ಒಂದು ಜೊತೆ ಬೂಟು, ಮೈದಾನಕ್ಕೆ ಹೋಗಿಬರುವ ಖರ್ಚನ್ನು ಒದಗಿಸಲಿ. ಸನ್ಮಾನದ ಹಾರಕ್ಕಿಂತ ಅದರ ಬೆಲೆ ಹೆಚ್ಚು.