ಕಾರ್ಡಿನ ಮೇಲೆ ಯಾರ ಮುಖ?

2023ರ ಮೇ 13ರ ರಾತ್ರಿ. ರಾಜ್ಯವೆಲ್ಲ ಫಲಿತಾಂಶ ಕೇಳಿ ಪಟಾಕಿ ಸುಟ್ಟು ಮಲಗುವ ಹೊತ್ತಿಗೆ ಜಯನಗರದ ಎಸ್‌ಎಸ್‌ಎಂಆರ್‌ವಿ ಕಾಲೇಜಿನ ಮುಂದೆ ಎರಡು ಪಕ್ಷಗಳ ದಂಡು ಕಾದು ನಿಂತಿತ್ತು. ನಮ್ಮ ಜೆ.ಪಿ. ನಗರದ ಮತಗಳೂ ಸೇರಿದ ಜಯನಗರ ಕ್ಷೇತ್ರದಲ್ಲಿ ಎಣಿಕೆ, ಮತ್ತೆ ಮರು ಎಣಿಕೆ. ಘಟಾನುಘಟಿಗಳೆಲ್ಲ ಓಡಿಬಂದರು. ಕೊನೆಗೆ ಬಿಜೆಪಿ ಅಭ್ಯರ್ಥಿ ಕಾಂಗ್ರೆಸ್ ಅಭ್ಯರ್ಥಿಯನ್ನು 16 ಮತಗಳಿಂದ ಸೋಲಿಸಿದರೆಂದು ಘೋಷಣೆಯಾಯಿತು. ಹದಿನಾರು! ಇಷ್ಟು ಸೂಕ್ಷ್ಮವಾಗಿ ತಲೆ ಎಣಿಸುವುದು ನಮ್ಮ ಪಕ್ಷಗಳಿಗೆ ಬರುತ್ತದೆ ಅಂತಾಯ್ತು. ಹಾಗಿದ್ದರೆ ಅದೇ ಕ್ಷೇತ್ರದಲ್ಲಿ ಎಷ್ಟು ಜನ ಡಯಾಲಿಸಿಸ್ ಸರದಿಗೆ ಕಾದಿದ್ದಾರೆ, ರಾಗಿಗುಡ್ಡದ ಕ್ವಾರ್ಟರ್ಸಿನಲ್ಲಿ ಎಷ್ಟು ಮನೆ ಒಂದು ಆಪರೇಷನ್ನಿಗೆಂದು ತಾಳಿ ಅಡವಿಟ್ಟಿವೆ? ಈ ಲೆಕ್ಕಕ್ಕೆ ಯಾವ ನಾಯಕ ಮರು ಎಣಿಕೆ ಕೇಳಿದ್ದಾನೆ?

ಡಯಾಲಿಸಿಸ್ ಎಂದೊಡನೆ ನಮ್ಮ ಜೆ.ಪಿ. ನಗರ ಹೊತ್ತ ಹೆಸರು ನೆನಪಾಗುತ್ತದೆ. ಜಯಪ್ರಕಾಶ ನಾರಾಯಣ. ಪಕ್ಷಗಳೇ ಇಲ್ಲದ ಪ್ರಜಾಪ್ರಭುತ್ವ ಬೇಕು ಎಂದವರು. ತುರ್ತುಪರಿಸ್ಥಿತಿಯ ಸೆರೆವಾಸದಲ್ಲಿ ಕಿಡ್ನಿ ಕೈಕೊಟ್ಟು, 1979ರಲ್ಲಿ ಕಣ್ಣು ಮುಚ್ಚುವವರೆಗೂ ಯಂತ್ರವನ್ನು ನಂಬಿ ಬದುಕಿದರು. ಆ ಯಂತ್ರಕ್ಕೆ ಜನ ಚಂದಾ ಎತ್ತಿದರು. ಪ್ರಧಾನಿ ಇಂದಿರಾ ಕಳಿಸಿದ ಹಣವನ್ನು ಜೆಪಿ ವಾಪಸು ಮಾಡಿದರು. ಅವರ ಹೆಸರಿನ ನಗರದಲ್ಲಿ ಈಗ ನಡೆದಿರುವ ಜಗಳವಾದರೂ ಏನು? ರೋಗಿಯ ಜೇಬಿನಲ್ಲಿರುವ ಕಾರ್ಡಿನ ಮೇಲೆ ಯಾರ ಮುಖ ಇರಬೇಕು ಅಂತ.

ಆ ಕಾರ್ಡಿನ ಜಾತಕ ನೋಡಿ. 2003ರಲ್ಲಿ ಸಹಕಾರ ಸಂಘದ ರೈತರಿಗೆ ಯಶಸ್ವಿನಿ. 2010ರಲ್ಲಿ ಬಿಜೆಪಿಯವರ ವಾಜಪೇಯಿ ಆರೋಗ್ಯಶ್ರೀ. ಕಾಂಗ್ರೆಸ್ ಬಂದ ಮೇಲೆ ಎಪಿಎಲ್‌ನವರಿಗೆ ರಾಜೀವ್ ಆರೋಗ್ಯ ಭಾಗ್ಯ. 2018ರ ಮಾರ್ಚಿನಲ್ಲಿ, ಚುನಾವಣೆ ಹೊಸ್ತಿಲಲ್ಲಿದ್ದಾಗ, ಎಲ್ಲವನ್ನೂ ಕಲಸಿ ಆರೋಗ್ಯ ಕರ್ನಾಟಕ ಅಂದರು. ಯಶಸ್ವಿನಿ ಅದರಲ್ಲಿ ಮುಳುಗಿತು. ಅದೇ ವರ್ಷ ದಿಲ್ಲಿಯಿಂದ ಆಯುಷ್ಮಾನ್ ಭಾರತ್ ಬಂತು, ಎರಡಕ್ಕೂ ಗಂಟು ಹಾಕಿದರು. 2022ರಲ್ಲಿ ಯಶಸ್ವಿನಿಗೆ ಮರುಜನ್ಮ. 2023ರ ಕೊನೆಯಲ್ಲಿ ಬಂದ ಹೊಸ ಕಾರ್ಡಿನ ಹೆಸರನ್ನು ಒಂದೇ ಉಸಿರಿಗೆ ಹೇಳಿದವನಿಗೆ ಶ್ವಾಸಕೋಶದ ಪರೀಕ್ಷೆ ಬೇಕಿಲ್ಲ: ಆಯುಷ್ಮಾನ್ ಭಾರತ್ ಪ್ರಧಾನಮಂತ್ರಿ ಜನ ಆರೋಗ್ಯ – ಮುಖ್ಯಮಂತ್ರಿ ಆರೋಗ್ಯ ಕರ್ನಾಟಕ. ಒಂದೇ ಕಾರ್ಡಿನಲ್ಲಿ ಪ್ರಧಾನಮಂತ್ರಿಯೂ ಸೈ, ಮುಖ್ಯಮಂತ್ರಿಯೂ ಸೈ. ಖರ್ಚಿನಲ್ಲಿ ನೂರಕ್ಕೆ 66 ನಮ್ಮದು, ಹೆಸರು ಮಾತ್ರ ಅವರದೇ ಎಂದು ಬೆಂಗಳೂರು ಸಿಡುಕುತ್ತದೆ. ಪಕ್ಕದ ಆಂಧ್ರ ಇನ್ನೂ ಒಂದು ಕೈ ಮೇಲು: ರಾಜೀವ್ ಆರೋಗ್ಯಶ್ರೀ ಹೋಗಿ ಎನ್‌ಟಿಆರ್ ವೈದ್ಯ ಸೇವೆ, ಅದು ಹೋಗಿ ವೈಎಸ್‌ಆರ್ ಆರೋಗ್ಯಶ್ರೀ, ಈಗ ಮತ್ತೆ ಎನ್‌ಟಿಆರ್.

ಹೆಸರು ಯಾವುದಾದರೂ ಇರಲಿ, ಆ ಕಾರ್ಡು ಮಾಡುವುದೇನು? ಸರ್ಕಾರ ತಾನು ಕಟ್ಟದ, ಕಟ್ಟಿದರೂ ಡಾಕ್ಟರನ್ನು ಹಾಕದ ಆಸ್ಪತ್ರೆಯ ಬದಲು ಖಾಸಗಿಯವರಿಗೆ ದುಡ್ಡು ಎಣಿಸುತ್ತದೆ. 2017ರ ರಾಷ್ಟ್ರೀಯ ಆರೋಗ್ಯ ನೀತಿ 2025ರೊಳಗೆ ಜಿಡಿಪಿಯ ಶೇ. 2.5ರಷ್ಟನ್ನು ಸರ್ಕಾರಗಳು ಆರೋಗ್ಯಕ್ಕೆ ಇಡುತ್ತವೆ ಎಂದು ಮಾತು ಕೊಟ್ಟಿತ್ತು. 2021-22ರ ಲೆಕ್ಕದಲ್ಲಿ, ಕೋವಿಡ್ ಖರ್ಚೂ ಸೇರಿ, ಅದು ಶೇ. 1.84. ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಶೇ. 39.4 ಆ ವರ್ಷ ಜನರ ಜೇಬಿನಿಂದಲೇ ಹೋಯಿತು. ಇದರ ಬಗ್ಗೆ ಟೌನ್‌ಹಾಲ್ ಮುಂದೆ ಧರಣಿ ಕೂತ ಪಕ್ಷ ಯಾವುದಿದೆ, ತೋರಿಸಿ.

ಬೇರೆ ದೇಶದವರೇನು ದೇವತೆಗಳಲ್ಲ. ಅಲ್ಲಿಯೂ ಪಕ್ಷಗಳು ಕಚ್ಚಾಡುತ್ತವೆ. ಆದರೆ ಕಚ್ಚಾಟ ಮುಗಿದ ಮೇಲೆ ಏನು ಉಳಿಯುತ್ತದೆ ನೋಡಿ. 1962ರ ಜುಲೈ 1ರಂದು ಕೆನಡಾದ ಸಸ್ಕಾಚೆವಾನ್ ಪ್ರಾಂತ ಎಲ್ಲರಿಗೂ ಸರ್ಕಾರಿ ಖರ್ಚಿನ ಚಿಕಿತ್ಸೆ ಜಾರಿಗೆ ತಂದ ದಿನವೇ ಡಾಕ್ಟರುಗಳು ಮುಷ್ಕರ ಹೂಡಿದರು. 23 ದಿನ. ಟಾಮಿ ಡಗ್ಲಾಸ್ ಕಟ್ಟಿದ್ದ ಸಮಾಜವಾದಿ ಸರ್ಕಾರ ಬ್ರಿಟನ್ನಿನಿಂದ ವೈದ್ಯರನ್ನು ಕರೆಸಿತೇ ಹೊರತು ಬಗ್ಗಲಿಲ್ಲ. ಕೊನೆಗೆ ಒಂದಿಷ್ಟು ರಾಜಿಯಾಯಿತು, ಮೂಲ ಉಳಿಯಿತು. 1964ರಲ್ಲಿ ಆ ಪಕ್ಷ ಸೋತಿತು. ಗೆದ್ದ ಲಿಬರಲ್ಲರು ಯೋಜನೆಯನ್ನು ರದ್ದು ಮಾಡಲಿಲ್ಲ. ಎರಡೇ ವರ್ಷದಲ್ಲಿ ಇಡೀ ಕೆನಡಾಕ್ಕೆ ಅದೇ ಬಗೆಯ ಕಾಯ್ದೆ ತಂದದ್ದೂ ಲಿಬರಲ್ ಸರ್ಕಾರವೇ.

ಈಗ 2017ರ ನವೆಂಬರಿನ ಬೆಳಗಾವಿ ಅಧಿವೇಶನಕ್ಕೆ ಬನ್ನಿ. ಆರೋಗ್ಯ ಸಚಿವ ರಮೇಶ್ ಕುಮಾರ್ ಕೆಪಿಎಂಇ, ಅಂದರೆ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ತಿದ್ದುಪಡಿ ಹಿಡಿದು ನಿಂತರು. ಖಾಸಗಿ ಆಸ್ಪತ್ರೆಯ ದರಕ್ಕೆ ಲಗಾಮು, ರೋಗಿಯ ದೂರಿಗೆ ಜಿಲ್ಲಾ ಸಮಿತಿ, ಮೀರಿದರೆ ಜೈಲು. ಖಾಸಗಿ ವೈದ್ಯರು ಒಪಿಡಿ ಬಾಗಿಲು ಹಾಕಿ ಬೀದಿಗಿಳಿದರು. ಸರ್ಕಾರಿ ಆಸ್ಪತ್ರೆಯನ್ನೂ ಕಾಯ್ದೆಯೊಳಗೆ ತನ್ನಿ ಎಂದರು. ಆ ಮಾತಿನಲ್ಲಿ ನ್ಯಾಯವಿತ್ತು, ಇಲ್ಲವೆನ್ನಲಾರೆ. ಆದರೆ ಆಮೇಲೆ ಆದದ್ದೇನು? ಕೆಲವೇ ದಿನಗಳಲ್ಲಿ ಸರ್ಕಾರದ ಮೊಣಕಾಲು ನಡುಗಿತು. ಜೈಲಿನ ಮಾತು ಹೋಯಿತು, ಹಲ್ಲು ಕಿತ್ತ ಮಸೂದೆ ಪಾಸಾಯಿತು. ವಿರೋಧ ಪಕ್ಷಗಳು ರೋಗಿಯ ಪರ ನಿಂತು ಇನ್ನಷ್ಟು ಬಿಗಿ ಮಾಡಿ ಎಂದು ಕೂಗಿದವೇ? ಆಳುವ ಪಕ್ಷದೊಳಗೇ ಆ ಕೂಗಿಗೆ ಗಂಟಲಿರಲಿಲ್ಲ.

ಥಾಯ್ಲೆಂಡಿನ ಕತೆ ಇನ್ನೂ ಸ್ವಾರಸ್ಯ. 2001ರಲ್ಲಿ ಥಕ್ಸಿನ್ ಸರ್ಕಾರ 30 ಬಾತ್ ಕೊಟ್ಟರೆ ಯಾವ ಕಾಯಿಲೆಗೂ ಚಿಕಿತ್ಸೆ ಎಂದಿತು. 2006ರಲ್ಲಿ ಸೇನೆ ಅವನನ್ನು ಓಡಿಸಿತು. ಸೇನೆ ಕೂರಿಸಿದ ಸರ್ಕಾರ ಯೋಜನೆಯನ್ನು ಹೂಳಲಿಲ್ಲ. ಆ 30 ಬಾತ್ ಕೂಡ ಬೇಡ ಎಂದಿತು! ಮುಂದೆ ಥಕ್ಸಿನ್‌ನ ತಂಗಿ ಅಧಿಕಾರಕ್ಕೆ ಬಂದಾಗ 2012ರಲ್ಲಿ ಆ ಶುಲ್ಕ ಮತ್ತೆ ಕಾಣಿಸಿಕೊಂಡಿತು. ಪಕ್ಷದ ಗುರುತಿನ ಹುಚ್ಚು ಅಲ್ಲೂ ಉಂಟು. ಆದರೆ ಅಲ್ಲಿ ಹುಚ್ಚು 30 ಬಾತ್‌ಗೆ ನಿಂತಿತು, ಆಸ್ಪತ್ರೆ ಉಳಿಯಿತು.

ಬ್ರಿಟನ್ನಿನಲ್ಲಿ 1946ರಲ್ಲಿ ಎನ್‌ಎಚ್‌ಎಸ್ ಎಂಬ ರಾಷ್ಟ್ರೀಯ ಆರೋಗ್ಯ ಸೇವೆಯ ಮಸೂದೆಗೆ ವಿರುದ್ಧ ಮತ ಹಾಕಿದ ಕನ್ಸರ್ವೇಟಿವರಿಗೆ ಆಮೇಲೆ ಎಷ್ಟು ಸಲ ಗದ್ದುಗೆ ಸಿಕ್ಕರೂ ಅದನ್ನು ಮುಚ್ಚುವ ಧೈರ್ಯ ಬರಲಿಲ್ಲ. ಅದನ್ನು ಕಟ್ಟಿದ ಅನ್ಯೂರಿನ್ ಬೆವನ್ 1951ರಲ್ಲಿ ಮಂತ್ರಿ ಪದವಿ ಬಿಸಾಕಿ ಹೊರನಡೆದರು. ಕಾರಣ? ಅವರದೇ ಲೇಬರ್ ಪಕ್ಷ ಕನ್ನಡಕಕ್ಕೂ ಕಟ್ಟಿಸುವ ಹಲ್ಲಿಗೂ ಜನರಿಂದ ಅರ್ಧ ಬೆಲೆ ಕೇಳಿದ್ದು ಅದರಲ್ಲಿ ಮುಖ್ಯ. ಕನ್ನಡಕಕ್ಕಾಗಿ ರಾಜೀನಾಮೆ! ಇತ್ತ ನಮ್ಮಲ್ಲಿ, 2024ರ ನವೆಂಬರಿನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ಸತ್ತರು. ಸರ್ಕಾರವೇ ಕೊಂಡ ಐವಿ ದ್ರಾವಣದ ಮೇಲೆ ಅನುಮಾನ ಬಂತು. ಅಧಿಕಾರಿಗಳ ತಲೆದಂಡವಾಯಿತು. ವಿರೋಧ ಪಕ್ಷ ಬಳ್ಳಾರಿಗೆ ಹೋಗಿ ಕೂಗಿತು. ಮಂತ್ರಿಯ ಕುರ್ಚಿ ಅಲುಗಲಿಲ್ಲ.

ಹೀಗೆ ಕೂಗಿದವರ ಚರಿತ್ರೆಯನ್ನೂ ನಾವು ಜಯನಗರದಲ್ಲೇ ನೋಡಿದ್ದೇವೆ. 2021ರ ಕೋವಿಡ್ ಅಲೆಯಲ್ಲಿ, ಮೇ 2 ಮತ್ತು 3ರ ನಡುವೆ, ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ 24 ಜನ ಸತ್ತರು. ಆಮ್ಲಜನಕ ಸಾಲದೆ ಸತ್ತವರು ಮೂವರೇ ಎಂದಿತು ಅಂದಿನ ಬಿಜೆಪಿ ಸರ್ಕಾರ. ಮರುದಿನವೇ, ಮೇ 4ರಂದು, ಅದೇ ಆಳುವ ಪಕ್ಷದ ನಮ್ಮ ಸಂಸದ ತೇಜಸ್ವಿ ಸೂರ್ಯ ಮೂವರು ಶಾಸಕರ ಜೊತೆ ಜಯನಗರದ ಬಿಬಿಎಂಪಿ ವಾರ್‌ರೂಮಿಗೆ ನುಗ್ಗಿ ಹಾಸಿಗೆ ಬ್ಲಾಕಿಂಗ್ ದಂಧೆ ಬಯಲು ಮಾಡುತ್ತೇವೆಂದರು. ಇನ್ನೂರಕ್ಕೂ ಹೆಚ್ಚು ಜನ ದುಡಿಯುವ ಆ ಕೋಣೆಯಲ್ಲಿ ಓದಿದ್ದು 17 ಹೆಸರು. ಅಷ್ಟೂ ಮುಸ್ಲಿಮರದು. ಎಲ್ಲರೂ ಏಜೆನ್ಸಿಯ ಗುತ್ತಿಗೆ ಹುಡುಗರು. ಪೊಲೀಸರು ವಿಚಾರಿಸಿದರು, ಅವರ ಮೇಲೆ ಏನೂ ಸಿಗಲಿಲ್ಲ, ಹಲವರು ಕೆಲಸಕ್ಕೆ ಮರಳಿದರು. ದಂಧೆ ಇತ್ತೇ? ಇತ್ತು, ಬೇರೆಯವರು ಸಿಕ್ಕಿಬಿದ್ದರು. ಆದರೆ ಚಾಮರಾಜನಗರದ ಹೆಣಗಳ ಸುದ್ದಿಯ ಮೇಲೆ ಆ 17 ಹೆಸರು ಹೊದಿಸಿದ ಕೆಲಸ ಆಗಲೇ ಮುಗಿದಿತ್ತು.

ಪಕ್ಷಗಳನ್ನಷ್ಟೇ ಬೈದು ಮನೆಗೆ ಹೋಗಲು ನನಗೆ ಮನಸ್ಸಿಲ್ಲ. ಮಿನಿ ಫಾರೆಸ್ಟಿನಲ್ಲಿ ಬೆಳಗಿನ ವಾಕಿಂಗ್ ಮಾಡುವ ನಮ್ಮ ಹಿರಿಯರ ಮಾತು ಕೇಳಿ. “ಮಗಳ ಹೆರಿಗೆ ಲಂಡನ್ನಲ್ಲಿ ಆಯ್ತು ರೀ, ಒಂದು ಪೈಸೆ ಬಿಲ್ ಇಲ್ಲ.” (ವೀಸಾ ಜೊತೆಗೇ ಆರೋಗ್ಯ ಶುಲ್ಕ ಕಟ್ಟಿರುತ್ತಾಳೆ, ಅದಿರಲಿ. ಅಲ್ಲಿ ಸರದಿಯಲ್ಲಿ ಕಾದಿರುವ ಲೆಕ್ಕ 70 ಲಕ್ಷ ದಾಟಿದೆ, ಅದೂ ಇರಲಿ.) “ನಮ್ಮ ಹುಡುಗ ಡಲ್ಲಾಸಲ್ಲಿ ಆಂಬುಲೆನ್ಸ್ ಕರೆಯೋಕೂ ಯೋಚಿಸ್ತಾನೆ ನೋಡಿ.” ಇಷ್ಟೆಲ್ಲ ಹೋಲಿಕೆ ಬಲ್ಲ ಈ ಜನ ಮಕ್ಕಳ ಕಂಪನಿಯ ಇನ್ಶೂರೆನ್ಸ್ ಹಿಡಿದು ಸೀದಾ ಖಾಸಗಿ ಆಸ್ಪತ್ರೆಯ ಲಿಫ್ಟು ಹತ್ತುತ್ತಾರೆ. ಅವರ ಮನೆಯ ಪಾತ್ರೆ ತೊಳೆಯುವಾಕೆ ಜಯನಗರ ನಾಲ್ಕನೇ ಟಿ ಬ್ಲಾಕಿನ ಸಾರ್ವಜನಿಕ ಆಸ್ಪತ್ರೆಗೆ ಬಸ್ ಹಿಡಿಯುತ್ತಾಳೆ. ಬಾಯಿ ಇದ್ದವರೆಲ್ಲ ಸರ್ಕಾರಿ ಆಸ್ಪತ್ರೆಯಿಂದ ಎದ್ದು ಹೋದರು. ಉಳಿದವರ ಗಂಟಲು ಯಾವ ಪಕ್ಷದ ಕಿವಿಗೂ ಮುಟ್ಟುವುದಿಲ್ಲ. ಬ್ರಿಟನ್ನಿನ ಕನ್ಸರ್ವೇಟಿವನಿಗೆ ಎನ್‌ಎಚ್‌ಎಸ್ ಮೇಲೆ ಇದ್ದದ್ದು ಭಕ್ತಿಯಲ್ಲ ಸ್ವಾಮಿ, ಭಯ. ಅವನಿಗೆ ಮತ ಹಾಕುವ ಅನುಕೂಲಸ್ಥರೂ ಅದೇ ಸರದಿಯಲ್ಲಿ ನಿಲ್ಲುತ್ತಾರೆ.

ಸರ್ಕಾರಿ ಆಸ್ಪತ್ರೆ ಅಂದರೆ ಹಾಗೇ ಎಂದು ಮೂಗು ಮುರಿಯುವವರು ಒಮ್ಮೆ ಬನ್ನೇರುಘಟ್ಟ ರಸ್ತೆ ನೋಡಲಿ. ಜಯದೇವ ಹೃದ್ರೋಗ ಸಂಸ್ಥೆ ಸರ್ಕಾರದ್ದೇ. ಮೊದಲು ಚಿಕಿತ್ಸೆ, ಆಮೇಲೆ ದುಡ್ಡು ಎಂದು ನಡೆದ ಸಂಸ್ಥೆ. ಕಾರು ಇದ್ದವರೂ ಇಲ್ಲದವರೂ ಅಲ್ಲಿ ಎದೆ ಹಿಡಿದುಕೊಂಡು ಹೋಗುತ್ತಾರೆ. ಅದನ್ನು ವರ್ಷಾನುಗಟ್ಟಲೆ ನಡೆಸಿದ ಡಾ. ಸಿ.ಎನ್. ಮಂಜುನಾಥ್ 2024ರಲ್ಲಿ ನಿವೃತ್ತರಾದಾಗ ನಮ್ಮ ಪಕ್ಷಗಳಿಗೆ ಹೊಳೆದದ್ದೇನು? ಕಿಡ್ನಿಗೊಂದು, ಕ್ಯಾನ್ಸರಿಗೊಂದು ಇಂಥ ಆಸ್ಪತ್ರೆ ಜಿಲ್ಲೆ ಜಿಲ್ಲೆಯಲ್ಲಿ ಹೇಗೆ ಕಟ್ಟುವುದು, ಹೇಳಿಕೊಡಿ ಎಂದು ಕೇಳುವುದಲ್ಲ. ಟಿಕೆಟ್! ದೇವೇಗೌಡರ ಅಳಿಯ, ಬಿಜೆಪಿಯ ಚಿಹ್ನೆ, ಬೆಂಗಳೂರು ಗ್ರಾಮಾಂತರ. ಭರ್ಜರಿಯಾಗಿ ಗೆದ್ದರು. ಗೆಲ್ಲಲಿ. ಒಳ್ಳೆಯ ಸರ್ಕಾರಿ ಆಸ್ಪತ್ರೆಗೆ ಓಟು ಬೀಳುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ಆದರೂ ಪಕ್ಷಗಳಿಗೆ ಕಂಡದ್ದು ಓಟು ತರುವ ಡಾಕ್ಟರು, ಆಸ್ಪತ್ರೆ ಅಲ್ಲ.

ಪಕ್ಷಗಳಿಗೆ ಒಮ್ಮತ ಬರುವುದೇ ಇಲ್ಲ ಎನ್ನಬೇಡಿ. 2022ರ ಫೆಬ್ರವರಿಯಲ್ಲಿ ಕಾಂಗ್ರೆಸ್ ಧರಣಿಯ ಗದ್ದಲದ ನಡುವೆ ಬಿಜೆಪಿ ಸರ್ಕಾರ ಶಾಸಕರ, ಮಂತ್ರಿಗಳ ಸಂಬಳ ಏರಿಸಿತು, ಚರ್ಚೆ ಇಲ್ಲ. 2025ರ ಮಾರ್ಚಿನಲ್ಲಿ ಬಿಜೆಪಿ ಗದ್ದಲದ ನಡುವೆ ಕಾಂಗ್ರೆಸ್ ಸರ್ಕಾರ ಅದನ್ನು ದುಪ್ಪಟ್ಟು ಮಾಡಿತು, ಆಗಲೂ ಚರ್ಚೆ ಇಲ್ಲ. ಹಾಗಾದರೆ ಇನ್ನೊಂದು ಗದ್ದಲದ ದಿನ ಒಂದೇ ಸಾಲಿನ ತಿದ್ದುಪಡಿ ತನ್ನಿ: ಶಾಸಕ, ಮಂತ್ರಿ ಮತ್ತು ಅವರ ಕುಟುಂಬದ ಚಿಕಿತ್ಸಾ ವೆಚ್ಚವನ್ನು ಖಜಾನೆಯಿಂದ ಕೊಡುವುದು ಅವರವರ ಕ್ಷೇತ್ರದ ಸರ್ಕಾರಿ ಆಸ್ಪತ್ರೆಯ ಚೀಟಿಗೆ ಮಾತ್ರ. ಆ ಮಸೂದೆಯ ಮೇಲೆ ಯಾರ ಮುಖ ಬೇಕಾದರೂ ಹಾಕಿಕೊಳ್ಳಿ.